ಜಾಹೀರಾತು ಬಾರದ ರಾತ್ರಿ

ನನ್ನ ತಂಗಿ ಕಸ್ತೂರಿಯ ಕಣ್ಣಿಗೆ ತಾಸಿಗೊಮ್ಮೆ ಔಷಧಿ ಹಾಕುವ ಕೆಲಸ ನನ್ನದಾಗಿತ್ತು. ಹಗಲು ಹಾಕಿದೆ. ರಾತ್ರಿ ಹಾಕಲಿಲ್ಲ. ಎಲ್ಲ ರಾತ್ರಿಯೂ ಅಲ್ಲ, ಹಾಗಂತ ಒಂದೇ ರಾತ್ರಿಯೂ ಅಲ್ಲ. ಇಷ್ಟು ವರ್ಷ ನನಗೆ ನಾನೇ ಒಂದೇ ರಾತ್ರಿ ಎಂದು ಹೇಳಿಕೊಂಡು ಬಂದಿದ್ದೆ. ಆ ಮಳೆಗಾಲ ಮುಗಿಯುವಷ್ಟರಲ್ಲಿ ಅವಳ ಬಲಗಣ್ಣು ಹೋಯಿತು. ಸರಿಯಾಗಿ ಹಾಕಿದ್ದರೆ ಉಳಿಯುತ್ತಿತ್ತೇ ಎಂದರೆ ನನಗೆ ಗೊತ್ತಿಲ್ಲ. ಗೊತ್ತಿದ್ದವರನ್ನು ನಾನು ಕೇಳಲಿಲ್ಲ. ಕೇಳಬೇಕಾದರೆ ಮೊದಲು, ಹಾಕಲಿಲ್ಲ ಎಂದು ಹೇಳಬೇಕಾಗುತ್ತಿತ್ತು.

ಈ ವರ್ಷ ಮಳೆ ಹಿಡಿದ ಹೊಸತರಲ್ಲಿ ಮಿಕ್ಸರ್ ರಿಪೇರಿಗೆ ಕೊಡಲು ಪುಣೆಯ ಖಡಕಿ ಬಜಾರಿಗೆ ಹೋಗಿದ್ದೆ. ಅಂಗಡಿಯವನು ಒಂದು ಹಳೆಯ ಡಬ್ಬಾ ಟಿವಿಯ ಬೆನ್ನು ಬಿಚ್ಚಿಟ್ಟು ಚಾಲು ಮಾಡಿ ನೋಡುತ್ತಿದ್ದ. ಟಿವಿ ಬಿಸಿಯಾದಂತೆ ಒಳಗಿನ ಧೂಳು ಸುಡುವ ವಾಸನೆ ಬಂತು. ನನಗೆ ಮೊದಲು ಆದದ್ದು ಸಂತೋಷ. ಬಹಳ ದಿನದಿಂದ ಕಾಣದವರು ಯಾರೋ ಬಾಗಿಲಿಗೆ ಬಂದು ನಿಂತಂಥ ಸಂತೋಷ. ಅದರ ಬೆನ್ನಿಗೇ, ಅಲ್ಲಿ ನಿಲ್ಲಲಾರದೆ ಹೊರಬೀಳುವಂಥ ಸಂಕಟ. ಒಂದೇ ವಾಸನೆಗೆ ಎರಡೂ ಹೇಗೆ ಆಗುತ್ತವೆ ಎಂದು ಯೋಚಿಸುತ್ತ ಮನೆ ಮುಟ್ಟಿದೆ. ಮಿಕ್ಸರ್ ಕೊಡುವುದನ್ನೇ ಮರೆತು ಚೀಲದೊಳಗೆ ಹೊತ್ತುಕೊಂಡು ಬಂದಿದ್ದೆ.

ನಾವು ಇಂಡಿ ಕಡೆಯವರು. ಆರನೆಯ ಇಯತ್ತೆ ಅರ್ಧವಾಗಿದ್ದಾಗ ನಾನು ಶಾಲೆ ಬಿಟ್ಟೆ. ಆಗ ಕಸ್ತೂರಿ ಹುಟ್ಟಿದ್ದಳು, ಅವ್ವ ಕೂಲಿಗೆ ಹೋದರೆ ಕೂಸನ್ನು ನೋಡುವವರು ಬೇರೆ ಇರಲಿಲ್ಲ. ಹೀಗಾಗಿ ಅವಳು ನನ್ನ ಬೆನ್ನಿಗೆ ಹುಟ್ಟಿದವಳು ಎನ್ನುವುದಕ್ಕಿಂತ ನನ್ನ ಸೊಂಟದ ಮೇಲೆ ಬೆಳೆದವಳು. ಮದುವೆಯಾಗಿ ನಾನು ಪುಣೆಗೆ ಬಂದೆ. ನನ್ನ ಗಂಡ ಔಂಧದ ಕಡೆ ಒಂದು ದೊಡ್ಡ ಹೌಸಿಂಗ್ ಸೊಸೈಟಿಯಲ್ಲಿ ರಾತ್ರಿ ವಾಚ್‌ಮನ್. ನಾನು ನಾಲ್ಕಾರು ಮನೆಗಳಿಗೆ ಹೋಗಿ ಪೋಳಿ, ಎಂದರೆ ಚಪಾತಿ, ಪಲ್ಯ ಮಾಡಿ ಕೊಡುತ್ತೇನೆ. ಖಡಕಿ ಬಜಾರಿನ ಹಿಂಬದಿಯಲ್ಲಿ ತಗಡಿನ ಮಾಡಿನ ಒಂದು ಕೋಣೆ ನಮ್ಮದು. ನಮಗೆ ಮಕ್ಕಳಿಲ್ಲ. ಕಸ್ತೂರಿಯನ್ನು ಬಾರಾಮತಿ ಹತ್ತಿರದ ಒಂದು ವಸ್ತಿಗೆ, ಹೊಲಗಳ ನಡುವಿನ ಸಣ್ಣ ಹಟ್ಟಿಗೆ, ಕೊಟ್ಟಿದ್ದೆವು. ಅವಳ ಗಂಡ ಮಲ್ಲಪ್ಪ ಹಾಲಿನ ಟ್ಯಾಂಕರ್ ಓಡಿಸುತ್ತಾನೆ. ಕಸ್ತೂರಿ ಸುತ್ತಲಿನ ಹೆಂಗಸರ ಜೊತೆ ಕಬ್ಬಿನ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು.

ಆ ವರ್ಷ ಜ್ಯೇಷ್ಠದಲ್ಲಿ ಕಬ್ಬಿನ ರವದಿ, ಎಂದರೆ ಒಣಗಿದ ಎಲೆ, ಸುಲಿಯುವಾಗ ಒಂದು ಎಲೆಯ ಅಂಚು ಅವಳ ಕಣ್ಣಿಗೆ ಬಡಿಯಿತು. ಅಂಥದ್ದಕ್ಕೆಲ್ಲ ಅವರ ವಸ್ತಿಯಲ್ಲಿ ತಾನೂಬಾಯಿ ಎಂಬ ಮುದುಕಿ ಇದ್ದಳು. ಕಣ್ಣಿನೊಳಗೆ ಹೊಟ್ಟು, ಕಸ, ಮುಳ್ಳಿನ ತುದಿ ಏನೇ ಬೀಳಲಿ, ರೆಪ್ಪೆ ಅಗಲಿಸಿ ನಾಲಿಗೆಯ ತುದಿಯಿಂದ ಸವರಿ ತೆಗೆದುಬಿಡುತ್ತಿದ್ದಳು. ಅದಕ್ಕೆ ಅವಳು ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಆಚೀಚಿನ ಊರುಗಳಿಂದ ಕೂಸುಗಳನ್ನು ಎತ್ತಿಕೊಂಡು ಬರುತ್ತಿದ್ದರು. ಕಸ್ತೂರಿಯೂ ಹೋದಳು. ಚುಚ್ಚುವುದು ನಿಂತಿತು. ಎರಡು ದಿನ ಬಿಟ್ಟು ಮತ್ತೆ ಚುಚ್ಚಿತು, ಮತ್ತೆ ಹೋದಳು. ವಾರ ಕಳೆಯುವುದರಲ್ಲಿ ಕಣ್ಣು ಕೆಂಡದಂತಾಗಿ, ಕಪ್ಪು ಗುಡ್ಡೆಯ ಮೇಲೆ ಜೋಳದ ಕಾಳಿನಷ್ಟು ಬಿಳಿ ಚುಕ್ಕೆ ಎದ್ದಿತ್ತು. ಮಲ್ಲಪ್ಪ ಅವಳನ್ನು ಬಸ್ಸಿನಲ್ಲಿ ಕರೆದುಕೊಂಡು ಬಂದು ನನ್ನ ಮನೆಯಲ್ಲಿ ಬಿಟ್ಟ. ಆರೇಳು ವರ್ಷದ ಮಗಳು ಗೌರಿ ವಸ್ತಿಯಲ್ಲೇ, ಮಲ್ಲಪ್ಪನ ತಾಯಿಯ ಹತ್ತಿರ ಉಳಿದಳು.

ಕಣ್ಣಿನ ಆಸ್ಪತ್ರೆಯ ಡಾಕ್ಟರ್ ಸಣ್ಣ ವಯಸ್ಸಿನ ಹೆಣ್ಣುಮಗಳು. ಕಣ್ಣಿನೊಳಗೆ ಬುರಶಿ ಹಿಡಿದಿದೆ ಎಂದು ಮರಾಠಿಯಲ್ಲಿ ಹೇಳಿದರು. ತಂಗಳು ರೊಟ್ಟಿಗೆ ಹಿಡಿಯುತ್ತದಲ್ಲ, ಆ ಬೂಸ್ಟು. ಎಲೆಯಿಂದ ಬಂದಿರಬಹುದು, ಬಾಯಿಂದ ಸೋಂಕು ಸೇರಿರಬಹುದು ಎಂದರು. ಕೆಲವು ದಿನ ಅಲ್ಲೇ ಇರಿಸಿಕೊಂಡರು. ಆಮೇಲೆ ಹಾಸಿಗೆ ಬೇರೆಯವರಿಗೆ ಬೇಕಾಗಿತ್ತು, ನಮ್ಮ ಮನೆ ಹತ್ತಿರವಿತ್ತು. ತಾಸಿಗೊಮ್ಮೆ, ಹಗಲೂ ರಾತ್ರಿಯೂ, ತಪ್ಪದೆ ಹಾಕುತ್ತೇನೆ ಎಂದು ನಾನು ಒಪ್ಪಿಕೊಂಡ ಮೇಲೆ ಮನೆಗೆ ಕಳಿಸಿದರು. ಒಪ್ಪಿಕೊಂಡವಳು ನಾನೇ. ಯಾರೂ ಬಲವಂತ ಮಾಡಲಿಲ್ಲ. ಎರಡು ದಿನಕ್ಕೊಮ್ಮೆ ತೋರಿಸಲು ಬರಬೇಕು. ಔಷಧಿ ಹಾಲಿನಂತೆ ಬೆಳ್ಳಗಿತ್ತು, ಚೆನ್ನಾಗಿ ಅಲ್ಲಾಡಿಸಿ ಹಾಕಬೇಕಿತ್ತು. ಹಾಕಿದರೆ ಹುಣ್ಣಿನ ಮೇಲೆ ಅಂಟಿಕೊಂಡು ಕೂರುತ್ತದೆ, ಅದು ಅಳಿಸಿ ಹೋಗುವ ಮೊದಲೇ ಮುಂದಿನ ಹನಿ ಬೀಳಬೇಕು ಎಂದು ಡಾಕ್ಟರ್ ನನ್ನ ಕೈ ಹಿಡಿದು ತೋರಿಸಿದರು.

ಬೆಳಗಿನ ಎರಡು ಮನೆಯ ಕೆಲಸ ಬಿಟ್ಟೆ, ಉಳಿದ ಮನೆಗಳಿಗೆ ಹೋದಾಗ ನನ್ನ ಗಂಡ ನಿದ್ದೆಗೆಟ್ಟು ಹಾಕುತ್ತಿದ್ದ. ರಾತ್ರಿ ಅವನು ಡ್ಯೂಟಿಗೆ ಹೋದರೆ ಮನೆಯಲ್ಲಿ ನಾವಿಬ್ಬರೇ. ಮೊದಲ ರಾತ್ರಿಗಳಲ್ಲಿ ನಾನು ಕುಳಿತರೆ ನಿದ್ದೆ ಬರುತ್ತದೆಂದು ನಿಂತುಕೊಂಡೇ ಇರುತ್ತಿದ್ದೆ. ಅಕ್ಕಿ ಆರಿಸಿದೆ. ಮುಖಕ್ಕೆ ನೀರು ಹೊಡೆದುಕೊಂಡೆ. ಫೋನಿನಲ್ಲಿ ಅಲಾರಂ ಇಟ್ಟೆ. ತಗಡಿನ ಗೋಡೆಯ ಆಚೆ ಪಕ್ಕದ ಮನೆಯ ಕೂಸು ಬೆಚ್ಚಿ ಎದ್ದು ಅಳತೊಡಗಿತು, ಮಾರನೆಯ ದಿನ ಆ ತಾಯಿ ಬಂದು ಕೈ ಮುಗಿದಳು. ಅಲಾರಂ ಬಿಟ್ಟೆ. ಒಂದು ರಾತ್ರಿ ಗೋಡೆಗೆ ಒರಗಿ ನಿಂತಲ್ಲೇ ಕಣ್ಣು ಮುಚ್ಚಿಹೋಗಿ ಔಷಧಿಯ ಬಾಟಲಿ ಕೈಯಿಂದ ಬಿತ್ತು. ಆಗ ದನಿ ಸಣ್ಣದು ಮಾಡಿ ಟಿವಿ ಹಚ್ಚಿದೆ.

ಆ ಟಿವಿ ನಾನು ಕೆಲಸ ಮಾಡುವ ಮನೆಯ ಒಡತಿ ಕಾಕು ಹೊಸದು ತಂದಾಗ ಕೊಟ್ಟ ಹಳೆಯ ಡಬ್ಬಾ, ಬಿಸಿಯಾದರೆ ಒಳಗಿನ ಧೂಳು ಸುಡುವ ವಾಸನೆ ಬರುತ್ತಿತ್ತು. ಹಗಲು ಅದನ್ನು ನೋಡಲು ನನಗೆ ಪುರಸೊತ್ತೇ ಇರಲಿಲ್ಲ. ಅಷ್ಟು ಹೊತ್ತಿನಲ್ಲಿ ಅದರಲ್ಲಿ ಏನು ಬರುತ್ತದೆ ಎನ್ನುವುದೂ ಗೊತ್ತಿರಲಿಲ್ಲ. ಒಂದು ಕಡೆ ಉಂಗುರ ಮಾರುತ್ತಿದ್ದರು, ಇನ್ನೊಂದು ಕಡೆ ಯಾರೋ ಸ್ವಾಮಿಗಳು ಮಾತಾಡುತ್ತಿದ್ದರು. ಮುಂದೆ ಒತ್ತಿದಾಗ ಕಪ್ಪು-ಬಿಳುಪಿನಲ್ಲಿ ಮಳೆ ಬರುತ್ತಿತ್ತು. ಒಬ್ಬ ಗಂಡಸು ಪೋಸ್ಟ್ ಆಫೀಸಿನ ಕಟ್ಟೆಯ ಮೇಲೆ ಮಡಚಿದ ಕೊಡೆ ಹಿಡಿದು ನಿಂತಿದ್ದ. ಯಾರೋ ಬರಬೇಕಾಗಿತ್ತು, ಬರಲಿಲ್ಲ. ಅವನು ಕೊಡೆ ಬಿಚ್ಚಲಿಲ್ಲ, ಹಾಗೆಯೇ ಮಳೆಯಲ್ಲಿ ಇಳಿದು ನಡೆದುಹೋದ. ಅಷ್ಟೇ. ಮಾತಿಲ್ಲ, ಹಾಡಿಲ್ಲ. ನಮ್ಮ ತಗಡಿನ ಮೇಲೂ ಮಳೆ ಬೀಳುತ್ತಿತ್ತು, ಸಪ್ಪಳ ಒಳಗಿನದೋ ಹೊರಗಿನದೋ ತಿಳಿಯಲಿಲ್ಲ. ಕೊಡೆ ಇದ್ದೂ ಇವನು ಯಾಕೆ ಬಿಚ್ಚಲಿಲ್ಲ ಎಂದು ನಾನು ಮರುದಿನ ಪೋಳಿ ಲಟ್ಟಿಸುವಾಗೆಲ್ಲ ಅದನ್ನೇ ನೆನೆಯುತ್ತಿದ್ದೆ. ಕಾಕು ಎರಡು ಸಲ ಕರೆದದ್ದು ಕೇಳಿಸಿರಲಿಲ್ಲ.

ಅಲ್ಲಿಂದ ದಿನಾ ರಾತ್ರಿ ಆ ಚಾನಲ್. ಹಿಂದಿಯವು, ನಡುನಡುವೆ ಮರಾಠಿಯವು, ಎಲ್ಲವೂ ನಾನು ಹುಟ್ಟುವ ಮೊದಲಿನವು. ಹೆಸರು ನನಗೆ ತಿಳಿಯುತ್ತಿರಲಿಲ್ಲ. ಬಹಳ ಸಲ ಅರ್ಧದಿಂದಲೇ ನೋಡುತ್ತಿದ್ದೆ. ಅವುಗಳಲ್ಲಿ ಯಾರಿಗೂ ಅವಸರವೇ ಇರಲಿಲ್ಲ. ಒಬ್ಬಳು ಕೆಟ್ಟ ಸುದ್ದಿ ಕೇಳಿದರೆ ನಮಗೆ ಬೆನ್ನು ಮಾಡಿ ನಿಲ್ಲುತ್ತಿದ್ದಳು. ಅವಳ ಮುಖ ತೋರಿಸದೆಯೇ ನನ್ನ ಕಣ್ಣಲ್ಲಿ ನೀರು ತರಿಸುತ್ತಿದ್ದರು. ಕಿಟಕಿಯ ಸರಳುಗಳ ನೆರಳು ಗೋಡೆಯ ಮೇಲೆ ಬಿದ್ದರೆ ಮನೆಯೇ ಜೇಲಿನಂತೆ ಕಾಣುತ್ತಿತ್ತು. ನಾನು ದಿನಾ ದೀಪ ಹಚ್ಚಿ ಆರಿಸಿದವಳು, ಬೆಳಕು ಹಾಗೆಲ್ಲ ಕೆಲಸ ಮಾಡುತ್ತದೆ ಎಂದು ನೋಡಿರಲಿಲ್ಲ. ತಪ್ಪುಗಳೂ ಕಾಣುತ್ತಿದ್ದವು. ಬಡವಿಯ ಪಾತ್ರದವಳೊಬ್ಬಳು ಲಟ್ಟಣಿಗೆಯನ್ನು ಒಂದೇ ಕಡೆ ಉಜ್ಜುತ್ತಿದ್ದಳು, ಮುಂದಿನ ಗಳಿಗೆಗೆ ತಟ್ಟೆಯಲ್ಲಿ ದುಂಡಗಿನ ಚಪಾತಿ ಇರುತ್ತಿತ್ತು. ನನಗೆ ನಗು ತಡೆಯಲಾಗಲಿಲ್ಲ.

ಕಸ್ತೂರಿಗೆ ಆ ಬೆಳಕು ಚುಚ್ಚುತ್ತಿತ್ತು. ಅವಳು ಕಪ್ಪು ಕನ್ನಡಕ ಹಾಕಿಕೊಂಡು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಆದರೆ ನಾನು ನಕ್ಕಾಗ ಕೇಳಿದಳು, ಏನಾಯಿತೆಂದು. ಹೇಳಿದೆ. ಅಲ್ಲಿಂದ ದಿನಾ ಹೇಳುವುದು ನಡೆಯಿತು. ಅವಳಿಗೆ ಹಿಂದಿ ಅಷ್ಟಾಗಿ ತಿಳಿಯುತ್ತಿರಲಿಲ್ಲ. ಯಾರು ಬಂದರು, ಯಾರು ಯಾರನ್ನು ನೋಡಿದರು, ಸೀರೆ ಎಂಥದ್ದು, ಎಲ್ಲ ನಾನು ಪಿಸುಗುಟ್ಟಬೇಕು. ಸೀರೆಯ ಬಣ್ಣ ಕೇಳುತ್ತಿದ್ದಳು. ಕಪ್ಪು-ಬಿಳುಪು ಎಂದರೆ ನಂಬುತ್ತಿರಲಿಲ್ಲ, ನೀನೇ ಒಂದು ಬಣ್ಣ ಹೇಳು ಎನ್ನುತ್ತಿದ್ದಳು. ಹೇಳುತ್ತಿದ್ದೆ.

"ನೀ ಹೇಳೂದು ಕೇಳಿದರ, ಆ ಸಿನೆಮಾದಾಗ ಎಲ್ಲಾರೂ ಬರೇ ನಿಂತಿರ್ತಾರ ನೋಡು," ಎಂದಳು ಒಮ್ಮೆ. "ಯಾರರೆ ಏನರೆ ಉಣ್ತಾರೋ ಇಲ್ಲೋ?"

"ಪ್ರೀತಿ ಮಾಡಾಕತ್ತಾರ, ಉಣ್ಣೂದು ಎಲ್ಲಿಂದ ಬಂತು?"

"ನನ್ನ ಗಂಡ ಎರಡೂ ಮಾಡ್ತಾನ ತಗೋ," ಎಂದು ಅವಳು ಕೌದಿಯೊಳಗೆ ನಕ್ಕಳು. ಕಣ್ಣು ನೋಯುತ್ತದೆಂದು ಅಂಗೈ ಒತ್ತಿ ಹಿಡಿದುಕೊಂಡು ನಕ್ಕಳು. ಅವಳ ಮದುವೆಯಾದ ಮೇಲೆ ನಾವಿಬ್ಬರೂ ಅಷ್ಟು ಮಾತಾಡಿರಲೇ ಇಲ್ಲ. ಆ ಮಳೆಗಾಲ ನೆನೆದರೆ ನಾನು ಅಳಬೇಕು, ಆದರೆ ನೆನಪಾಗುವುದರಲ್ಲಿ ಅರ್ಧ ಈ ನಗುವೇ. ಇದನ್ನು ಎಲ್ಲಿ ಇಡಬೇಕೋ ನನಗೆ ತಿಳಿಯುವುದಿಲ್ಲ.

ನಮ್ಮೂರಿಗೆ ಒಂದು ವರ್ಷ ಟೂರಿಂಗ್ ಟಾಕೀಸ್ ಬಂದಿತ್ತು. ಊರ ಹೊರಗೆ ಡೇರೆ ಹಾಕಿದ್ದರು. ನನ್ನ ವಾರಿಗೆಯ ಹುಡುಗಿಯರೆಲ್ಲ ಹೋದರು. ಕೂಸು ಅತ್ತರೆ ಜನ ಬೈಯುತ್ತಾರೆಂದು ಅವ್ವ ನನ್ನನ್ನು ಬಿಡಲಿಲ್ಲ. ಕಸ್ತೂರಿಯನ್ನು ಸೊಂಟದ ಮೇಲೆ ಇಟ್ಟುಕೊಂಡು ಕಟ್ಟೆಯ ಮೇಲೆ ನಿಂತು ದೂರದಿಂದ ಹಾಡು ಕೇಳಿದ್ದೆ. ಅದರ ಸಿಟ್ಟು ನನ್ನೊಳಗೆ ಇಷ್ಟು ವರ್ಷ ಉಳಿದಿತ್ತೇ, ಆ ಸಿಟ್ಟೇ ಖಡಕಿಯ ಕೋಣೆಯಲ್ಲಿ ನನ್ನನ್ನು ಟಿವಿಯ ಮುಂದೆ ಕಟ್ಟಿಹಾಕಿತೇ ಎಂದು ಕೆಲವು ಸಲ ಅನಿಸುತ್ತದೆ. ಹಾಗೇನೂ ಇಲ್ಲ ಎಂದೂ ಅನಿಸುತ್ತದೆ. ಕಾರಣ ಹುಡುಕಿದರೆ ತಪ್ಪು ಸಣ್ಣದಾಗುತ್ತದೆ ಎಂದು ಹುಡುಕುತ್ತಿದ್ದೇನೋ ಏನೋ.

ಔಷಧಿಗೆ ಒಂದು ಪದ್ಧತಿ ಮಾಡಿಕೊಂಡಿದ್ದೆ. ಗಡಿಯಾರ ನನ್ನ ಬೆನ್ನ ಹಿಂದೆ, ಒಲೆಯ ಮೇಲಿನ ಗೋಡೆಯಲ್ಲಿತ್ತು. ಸಿನೆಮಾ ನಡೆದಿರುವಾಗ ತಿರುಗಿ ನೋಡುತ್ತಿರಲಿಲ್ಲ. ಜಾಹೀರಾತು ಬಂದಾಗ ತಿರುಗುವುದು, ವೇಳೆಯಾಗಿದ್ದರೆ ಎದ್ದು ಕೈ ತೊಳೆದು ಹನಿ ಹಾಕುವುದು, ಸಾಬೂನು, ತಲೆನೋವಿನ ಮುಲಾಮು, ಸಿಮೆಂಟಿನ ಜಾಹೀರಾತುಗಳೆಲ್ಲ ಮುಗಿಯುವುದರೊಳಗೆ ಬಂದು ಕೂರುವುದು. ಜಾಹೀರಾತು ಮೇಲಿಂದ ಮೇಲೆ ಬರುತ್ತಿದ್ದುದರಿಂದ ವೇಳೆ ತಪ್ಪುತ್ತಿರಲಿಲ್ಲ. ನನ್ನ ಜಾಣತನಕ್ಕೆ ನಾನೇ ಹಿಗ್ಗಿದ್ದೆ. ಗಂಡನಿಗೂ ಹೇಳಿದೆ. ಅವನೂ ಭೇಷ್ ಎಂದ. ಬಿಳಿ ಚುಕ್ಕೆ ದೊಡ್ಡದಾಗಿಲ್ಲ ಎಂದು ಡಾಕ್ಟರ್ ಹೇಳಿದ ದಿನ ನಾವು ಆಸ್ಪತ್ರೆಯ ಹೊರಗೆ ನಿಂತು ಚಹಾ ಕುಡಿದೆವು, ಕಸ್ತೂರಿ ಗೌರಿಗೆ ಫೋನ್ ಮಾಡಿ ನಾಗರ ಪಂಚಮಿಗೆ ಬಂದುಬಿಡುತ್ತೇನೆ ಎಂದಳು.

ಆಮೇಲೆ ಆ ರಾತ್ರಿ. ಹೊರಗೆ ಮಳೆ ಎಂಥದ್ದೆಂದರೆ ಗಟಾರದ ನೀರು ಹೊಸ್ತಿಲವರೆಗೆ ಬಂದಿತ್ತು. ಸಿನೆಮಾದಲ್ಲಿ ಒಬ್ಬ ವಿಧವೆ, ಗಂಡನ ದೋಣಿಯನ್ನು ತಾನೇ ನಡೆಸುತ್ತಾಳೆ. ದಿನಾ ರಾತ್ರಿ ನದಿಯ ಆಚೆ ದಂಡೆಯಿಂದ ಯಾರೋ ಕೂಗುತ್ತಾರೆ. ಇವಳು ಕಂದೀಲು ಹಿಡಿದು ದೋಣಿ ಒಯ್ದರೆ ಅಲ್ಲಿ ಯಾರೂ ಇರುವುದಿಲ್ಲ. ಊರವರು ಹೋಗಬೇಡ ಎನ್ನುತ್ತಾರೆ. ಅವಳು ಹೋಗುತ್ತಾಳೆ. ನೀರಿನ ಮೇಲೆ ಕಂದೀಲಿನ ಬೆಳಕು ಮುರಿದು ಮುರಿದು ಕೂಡಿಕೊಳ್ಳುತ್ತಿತ್ತು. ಅಂಥದ್ದನ್ನು ನಾನು ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಕಸ್ತೂರಿಗೆ ಸ್ವಲ್ಪ ಹೊತ್ತು ಹೇಳಿದೆ. ಆಮೇಲೆ ಹೇಳುವುದನ್ನು ಮರೆತೆ. ಅವಳು ಸುಮ್ಮನಾದಳು, ನಿದ್ದೆ ಹೋದಳು ಎಂದುಕೊಂಡೆ.

ಆ ರಾತ್ರಿ ಜಾಹೀರಾತು ಬರಲಿಲ್ಲ. ಯಾಕೆಂದು ಈಗಲೂ ಗೊತ್ತಿಲ್ಲ. ಅಷ್ಟು ಹಳೆಯ ಸಿನೆಮಾಕ್ಕೆ ಯಾರೂ ಜಾಹೀರಾತು ಕೊಟ್ಟಿರಲಿಲ್ಲವೋ, ಅವರದೇ ಏನೋ ಕಾರಣವೋ. ಒಂದು ಸಲವೂ ನಿಲ್ಲದೆ ಸಿನೆಮಾ ನಡೆದೇ ಇತ್ತು. ನನಗೆ ಅದು ಲಕ್ಷ್ಯಕ್ಕೆ ಬರಲಿಲ್ಲ ಎಂದು ಬರೆಯಲು ಹೊರಟಿದ್ದೆ. ಬರೆಯಲಾರೆ. ನಡುವೆ ಎಲ್ಲೋ ಹೊಳೆದಿತ್ತು. ಜಾಹೀರಾತು ಬಂದಿಲ್ಲ, ಹಾಗಾದರೆ ವೇಳೆ ಆಗಿಲ್ಲ ಎಂದು ನನ್ನ ಮನಸ್ಸು ತಾನೇ ಒಂದು ಲೆಕ್ಕ ಹೇಳಿತು. ಅದು ಸುಳ್ಳು ಲೆಕ್ಕ ಎಂದು ಆಗಲೇ ಗೊತ್ತಿತ್ತೋ ಇಲ್ಲವೋ, ಇದೊಂದನ್ನು ನಾನು ಎಷ್ಟು ಕೆದಕಿದರೂ ಸಿಗುವುದಿಲ್ಲ.

ಕಸ್ತೂರಿ ನಿದ್ದೆ ಹೋಗಿರಲಿಲ್ಲ. ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದಳು.

"ಅಕ್ಕಾ, ಔಷಧದ ವ್ಯಾಳ್ಯಾ ಆತೇನು?"

"ಇನ್ನಾ ಆಗಿಲ್ಲ. ನೀ ಮಲಕೋ," ಎಂದೆ.

ತಿರುಗಿ ಗಡಿಯಾರ ನೋಡಿ ಹೇಳಿದೆನೇ, ನೋಡದೆ ಹೇಳಿದೆನೇ? ನೋಡದೆ ಎಂದೇ ಕಾಣುತ್ತದೆ. ದೋಣಿ ನಡುನೀರಿನಲ್ಲಿತ್ತು. ಅವಳು ನನ್ನ ಮಾತು ನಂಬಿದಳು. ಸಿನೆಮಾ ಮುಗಿದಾಗ ಹೊರಗೆ ಹಾಲಿನವನ ಸೈಕಲ್ ಸಪ್ಪಳ ಕೇಳುತ್ತಿತ್ತು. ಆಗ ಎದ್ದು, ಬಾಟಲಿ ಅಲ್ಲಾಡಿಸಿ, ಅವಳ ರೆಪ್ಪೆ ಅಗಲಿಸಿ ಒಂದು ಹನಿ ಹಾಕಿದೆ. ತಪ್ಪಿಹೋದ ಹನಿಗಳ ಲೆಕ್ಕಕ್ಕೆಂದು ಅದರ ಮೇಲೆ ಇನ್ನೊಂದು ಹಾಕಿದೆ. ಅದು ಕೆನ್ನೆಯ ಮೇಲೆ ಇಳಿದುಹೋಯಿತು.

ಅದೊಂದೇ ರಾತ್ರಿಯಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲವೇನೋ. ಅದರ ಹಿಂದೆ ಮುಂದೆಯೂ ಇವೆ. ಒಳ್ಳೆಯ ಗಳಿಗೆಯಲ್ಲಿ ಜಾಹೀರಾತು ಬಂದು ಹೋಗಿ, ವೇಳೆಗೆ ಇನ್ನೂ ಸ್ವಲ್ಪ ಇದ್ದರೆ, ಮುಂದಿನ ಜಾಹೀರಾತಿಗೆ ಹಾಕಿದರಾಯಿತು ಎಂದು ಬಿಟ್ಟದ್ದಿದೆ. ಮುಂದಿನದು ತಡವಾಗಿ ಬಂದದ್ದಿದೆ. ಅವಳು ಗಾಢ ನಿದ್ದೆಯಲ್ಲಿದ್ದರೆ ಪಾಪ, ಎಬ್ಬಿಸುವುದು ಬೇಡ ಎಂದುಕೊಂಡದ್ದಿದೆ. ಅದರಲ್ಲಿ ಎಷ್ಟು ಪಾಪ ಅವಳ ಮೇಲಿನದು, ಎಷ್ಟು ಸಿನೆಮಾದ ಮೇಲಿನ ಆಸೆ, ಬೇರೆ ಮಾಡಿ ಹೇಳಲಾರೆ.

ಮುಂದಿನ ಸಲ ಡಾಕ್ಟರ್ ಮಿಷನ್ನಿನಿಂದ ನೋಡಿ, ಬಹಳ ಹೊತ್ತು ನೋಡಿ, ಹುಣ್ಣು ಆಳಕ್ಕೆ ಇಳಿದಿದೆ ಎಂದರು. ರಾತ್ರಿಯೂ ಹಾಕುತ್ತಿದ್ದೀರಲ್ಲ, ಪ್ರತಿ ತಾಸಿಗೆ, ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಕಸ್ತೂರಿ ಅವಳ ಹರಕು ಮರಾಠಿಯಲ್ಲಿ, ನಮ್ಮ ಅಕ್ಕ ರಾತ್ರಿಯೆಲ್ಲ ಕಣ್ಣಿಗೆ ಕಣ್ಣು ಹಚ್ಚಿಲ್ಲ ಎಂದಳು. ಅದು ಸುಳ್ಳಲ್ಲ. ನಾನೂ ಹೌದು, ಹಾಕಿದ್ದೇನೆ ಎಂದೆ. ಡಾಕ್ಟರ್ ಕನ್ನಡಕ ತೆಗೆದು ಕಿಟಕಿಯ ಕಡೆ ತಿರುಗಿ ನಿಂತರು ಎಂದು ನನ್ನ ನೆನಪು. ಆದರೆ ಆ ಕೋಣೆಯಲ್ಲಿ ಕಿಟಕಿ ಇತ್ತೇ? ಕತ್ತಲೆ ಕೋಣೆ ಅದು. ಇದು ಯಾವುದೋ ಸಿನೆಮಾದಲ್ಲಿ ನೋಡಿದ್ದು ಬಂದು ಸೇರಿಕೊಂಡಿದೆಯೋ ಏನೋ. ಹಾಗಾದರೆ ಈ ಔಷಧಿ ಇವಳಿಗೆ ತಾಗುತ್ತಿಲ್ಲ ಎಂದು ಅವರು ಹೇಳಿದ್ದು ಮಾತ್ರ ಸಿನೆಮಾ ಅಲ್ಲ. ಅದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಇಲ್ಲ, ತಾಗುವಷ್ಟು ನಾನು ಹಾಕಿಲ್ಲ ಎನ್ನಬೇಕಾಗಿತ್ತು. ಹೊರಗೆ ಬೆಂಚಿನ ಮೇಲೆ ಮಲ್ಲಪ್ಪ ಕೂತಿದ್ದ.

ಬೇರೆ ಔಷಧಿ ಬರೆದರು, ಮತ್ತೆ ಸೇರಿಸಿಕೊಂಡರು. ಅದಾದ ಕೆಲವು ದಿನಕ್ಕೆ ಹುಣ್ಣು ಒಡೆಯಿತು. ರಾತ್ರೋರಾತ್ರಿ ಆಪರೇಷನ್ ಮಾಡಿ ಸತ್ತವರ ಯಾರದೋ ಕಣ್ಣಿನ ತೊಗಲು ಕೂರಿಸಿದರು. ಅದೂ ಬೆಳ್ಳಗಾಯಿತು. ಗಣಪತಿ ಹಬ್ಬದ ಡೋಲು-ತಾಶೆ ಬಡಿಯುವ ಹೊತ್ತಿಗೆ, ಬೆಳಕು ಬಂತೇ ಹೋಯಿತೇ ಎನ್ನುವುದೂ ಅವಳ ಬಲಗಣ್ಣಿಗೆ ಗೊತ್ತಾಗುತ್ತಿರಲಿಲ್ಲ. ಇಂಥ ರೋಗದಲ್ಲಿ ಎಲ್ಲ ಮಾಡಿದರೂ ಕೆಲವರಿಗೆ ಹೀಗಾಗುತ್ತದೆ ಎಂದು ಡಾಕ್ಟರ್ ಸಮಾಧಾನ ಹೇಳಿದರು. ಆ ಮಾತನ್ನು ನಾನು ಬಹಳ ವರ್ಷ ಹಿಡಿದುಕೊಂಡಿದ್ದೆ. ಆದರೆ ಅದು ಎಲ್ಲ ಮಾಡಿದವರಿಗೆ ಹೇಳುವ ಮಾತು.

ತಪ್ಪು ಯಾರದಾದರೂ ಆಗಬೇಕಿತ್ತು. ತಾನೂಬಾಯಿಯದಾಯಿತು. ಮಲ್ಲಪ್ಪ ವಸ್ತಿಗೆ ಹೋಗಿ ಅವಳ ಬಾಗಿಲಲ್ಲಿ ನಿಂತು ಕೂಗಾಡಿದ. ಜನ ಅವಳ ಹತ್ತಿರ ಕೂಸುಗಳನ್ನು ತರುವುದು ಬಿಟ್ಟರು, ಎದುರಿಗೆ ಬಂದರೆ ದಾರಿ ಬಿಟ್ಟು ನಡೆದರು. ಎರಡನೆಯ ತಪ್ಪು ಕಸ್ತೂರಿಯದು, ಅವಳ ಹತ್ತಿರ ಹೋದದ್ದು. ಅತ್ತೆ ಆಡಿಕೊಂಡಳು. ಮಲ್ಲಪ್ಪ ಕೆಟ್ಟವನಲ್ಲ, ಆದರೆ ಬೀಗರು ನೆಂಟರು ಬಂದಾಗ ನಗಿಸಲು, "ನಮ್ಮಾಕಿ ನಾಲಿಗಿ ಡಾಕ್ಟರ ಕಡೆ ಹೋಗಿದ್ಲರಿ," ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ನನಗೆ ಮಾತ್ರ, "ಅಕ್ಕಾರ, ನೀವು ಹಡದ ತಾಯಿಗಿಂತ ಹೆಚ್ಚು ಮಾಡೀರಿ," ಎನ್ನುತ್ತಿದ್ದ. ದೀಪಾವಳಿಗೆ ನನಗೊಂದು ಸೀರೆ ತಂದುಕೊಟ್ಟ. ಅದನ್ನು ಉಟ್ಟುಕೊಂಡೂ ತಿರುಗಾಡಿದೆ.

ಸಿನೆಮಾ ಬಿಟ್ಟೆನೇ ಎಂದರೆ, ಇಲ್ಲ. ಕೆಲವು ವಾರ ಟಿವಿಯ ಮೇಲೆ ಟಾವೆಲ್ ಹೊದಿಸಿಟ್ಟಿದ್ದೆ. ಒಂದು ರಾತ್ರಿ ನಿದ್ದೆ ಬರದೆ ಅದನ್ನು ಸರಿಸಿದೆ. ಆ ಟಿವಿ ಕೆಟ್ಟು ಗುಜರಿಗೆ ಹೋದ ಮೇಲೆ ಬೇರೆಯದು ತಂದೆವು, ಈಗ ಫೋನಿನಲ್ಲೂ ನೋಡುತ್ತೇನೆ. ಪೋಳಿ ಮಾಡುವ ಮನೆಗಳಲ್ಲಿ ವಯಸ್ಸಾದವರು ಹಳೆಯ ಸಿನೆಮಾದ ಮಾತು ತೆಗೆದರೆ ನನ್ನ ಕೈ ನಿಧಾನವಾಗುತ್ತದೆ. ನನ್ನ ಬದುಕಿನಲ್ಲಿ ನನಗೆ ಅಂತ ಸಿಕ್ಕದ್ದು ಇದೊಂದೇ. ಅದು ಸಿಕ್ಕದ್ದು ಕಸ್ತೂರಿ ಕಣ್ಣು ನೋವಿನಿಂದ ಮಲಗಿದ್ದ ಕೋಣೆಯಲ್ಲಿ. ಒಳ್ಳೆಯ ಸಿನೆಮಾ ನೋಡಿ ಮನಸ್ಸು ತುಂಬಿ ಬಂದಾಗೆಲ್ಲ ಆ ಸಂತೋಷ ನನ್ನದಲ್ಲ, ಎಲ್ಲಿಂದಲೋ ಎತ್ತಿಕೊಂಡು ಬಂದದ್ದು ಅನಿಸುತ್ತದೆ. ಆದರೂ ನೋಡುತ್ತೇನೆ. ದೋಣಿಯ ಆ ಸಿನೆಮಾವನ್ನು ಬಹಳ ಹುಡುಕಿದೆ, ಹೆಸರು ಗೊತ್ತಿಲ್ಲ, ಸಿಕ್ಕಿಲ್ಲ. ಸಿಕ್ಕರೆ ನೋಡುತ್ತೇನೋ ಇಲ್ಲವೋ, ಅದೂ ಗೊತ್ತಿಲ್ಲ.

ಅಪ್ಪ ಅವ್ವ ಹೋದ ಮೇಲೆ ಕಸ್ತೂರಿಗೆ ನನ್ನ ಮನೆಯೇ ತವರು. ಈ ಸಲದ ಪಂಚಮಿಗೂ ಬಂದಳು. ಗೌರಿಯೂ ಬಂದಿದ್ದಳು, ಈಗ ಹತ್ತೊಂಬತ್ತರ ಹುಡುಗಿ, ಕಬ್ಬಿನ ಸಸಿ ಬೆಳೆಸುವ ನರ್ಸರಿಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಮಧ್ಯಾಹ್ನ ನಾವು ಮೂವರೂ ಕುಳಿತು ಶೇಂಗಾ ಉಂಡಿ ಕಟ್ಟುತ್ತಿದ್ದೆವು. ನನ್ನ ಗಂಡ ರಾತ್ರಿಯ ಡ್ಯೂಟಿಗೆಂದು ಮೂಲೆಯಲ್ಲಿ ನಿದ್ದೆ ಹೋಗಿದ್ದ. ಶೇಂಗಾದ ಸಿಪ್ಪೆ ಊದುವಾಗ ಗೌರಿಯ ಕಣ್ಣಿಗೆ ಏನೋ ಹಾರಿತು. ಅವಳು ತಿಕ್ಕತೊಡಗಿದಳು. ಕಸ್ತೂರಿ ಉಂಡಿಯನ್ನು ಅಲ್ಲೇ ಬಿಟ್ಟು ಅವಳ ಕೈ ಹಿಡಿದೆಳೆದು ನೀರಿನ ಕಡೆ ಒಯ್ದಳು. ಮುಖ ತೊಳೆಸಿ, ಬೆಳಕಿಗೆ ಹಿಡಿದು ತನ್ನ ಒಂದು ಕಣ್ಣಿನಿಂದ ಮಗಳ ಎರಡೂ ಕಣ್ಣು ನೋಡಿದಳು. ಸಿಪ್ಪೆ ಹೋಗಿತ್ತು. ಆದರೂ ಅವಳು ಮತ್ತೊಮ್ಮೆ ನೀರು ಹಾಕಿ ತೊಳೆಸಿದಳು.

"ನನ್ನಂಗ ಹುಚ್ಚಿ ಆಗಬ್ಯಾಡ," ಎಂದಳು ಮಗಳಿಗೆ. "ನಾ ನನ್ನ ಕೈಲೆ ಕಣ್ಣ ಕಳಕೊಂಡೆ."

ಅದನ್ನು ಮಲ್ಲಪ್ಪ ಹೇಳಿದ್ದರೆ ನಾನು ಯಾವಾಗಿನಂತೆ ತಲೆ ತಗ್ಗಿಸುತ್ತಿದ್ದೆ. ಅವಳೇ ಹೇಳಿದಳು, ಅದೂ ನಗುತ್ತ ಹೇಳಿದಳು, ಅದೆಷ್ಟೋ ಸಲ ಹೇಳಿ ಸವೆದ ಮಾತಿನಂತೆ. ಮತ್ತೆ ಬಂದು ಕುಳಿತು ಉಂಡಿ ಕಟ್ಟುತ್ತ, ತಾನೂಬಾಯಿ ಹೋದ ಸುದ್ದಿ ನನಗೆ ಹೇಳಿದಳು. ಚೈತ್ರದಲ್ಲಿ ಸತ್ತಳಂತೆ. ಕಡೆಗಾಲಕ್ಕೆ ನೀರು ಬಿಡಲು ಒಬ್ಬ ಸೊಸೆ ಬಿಟ್ಟರೆ ಯಾರೂ ಇರಲಿಲ್ಲವಂತೆ.

"ಸಾಯೂ ಮುಂದ ನನ್ನ ಕರಿಯಾಕ ಕಳಿಸಿದ್ಲಕ್ಕಾ. ಕಸ್ತೂರೀನ ನೋಡಬೇಕು, ಕೈ ಮುಗೀಬೇಕು ಅಂತಿದ್ಲಂತ." ಕಟ್ಟಿದ ಉಂಡಿಯನ್ನು ತಾಟಿನಲ್ಲಿಟ್ಟು ಇನ್ನೊಂದಕ್ಕೆ ಕೈ ಹಾಕಿದಳು. "ನಾ ಹೋಗಲಿಲ್ಲ. ಅಕಿ ನನ್ನ ಕಣ್ಣ ತಗದಾಕಿ, ಯಾಕ ಹೋಗಲಿ ಅಂದೆ. ಈಗ ಅನಸ್ತದ, ಹೋಗಬೇಕಿತ್ತೇನೋ."

ಗೌರಿ ತಾಯಿಯ ಮುಖ ನೋಡುತ್ತಿದ್ದಳು. ನನ್ನ ಕೈಯಲ್ಲಿದ್ದ ಉಂಡಿ ಪುಡಿಯಾಗಿ ತಾಟಿಗೆ ಬಿದ್ದಿತ್ತು. ಆ ಮುದುಕಿಯ ಮುಖವನ್ನು ನಾನು ಒಮ್ಮೆಯೂ ನೋಡಿದವಳಲ್ಲ. ಅವಳು ಹೊತ್ತದ್ದರಲ್ಲಿ ಅವಳದೆಷ್ಟು, ನನ್ನದೆಷ್ಟು, ಎಲೆಯದೆಷ್ಟು, ದೇವರದೆಷ್ಟು ಎಂದು ನನಗೆ ಆಗಲೂ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಹೇಳೋಣವೆಂದು ಕಾಯುತ್ತಿದ್ದೆನೋ ಏನೋ, ಇಷ್ಟು ವರ್ಷ. ಅದು ಎಂದೂ ಗೊತ್ತಾಗುವುದಿಲ್ಲ ಎನ್ನುವುದೊಂದು ಆ ಗಳಿಗೆಗೆ ತಿಳಿಯಿತು. ಹುಡುಗಿಯ ಮುಂದೆ ಬೇಡ, ರಾತ್ರಿ ಹೇಳೋಣ ಎಂದು ಮನಸ್ಸು ಎಳೆಯಿತು. ರಾತ್ರಿಯವರೆಗೆ ಬಿಟ್ಟರೆ ನಾನು ಹೇಳುವುದಿಲ್ಲ ಎಂದು ನನಗೆ ನನ್ನ ಬಗ್ಗೆ ಗೊತ್ತಿತ್ತು. ಸೆರಗಿಗೆ ಕೈ ಒರೆಸಿಕೊಂಡು ಅವಳ ಎದುರಿಗೆ ಸರಿದು ಕುಳಿತೆ. ಯಾವ ಕಣ್ಣನ್ನು ನೋಡಿ ಮಾತಾಡಬೇಕೆಂದು ತಿಳಿಯದೆ, ಕಡೆಗೆ ಕಾಣುವ ಕಣ್ಣನ್ನೇ ನೋಡಿದೆ.

"ಕಸ್ತೂರಿ, ಯಾರಿಂದ ಹೋತು ನನಗ ಗೊತ್ತಿಲ್ಲವಾ. ನಾ ಮಾಡಿದ್ದಷ್ಟ ನನಗ ಗೊತ್ತದ. ರಾತ್ರಿ ಸಿನೆಮಾ ನೋಡಕೋತ ಕುಂತು ನಾ ನಿನ್ನ ಕಣ್ಣಿಗಿ ಔಷಧ ಹಾಕಲಿಲ್ಲ. ಒಂದ ರಾತ್ರಿ ಅಲ್ಲ. ವ್ಯಾಳ್ಯಾ ಆತೇನು ಅಂತ ನೀ ಕೇಳಿದಿ, ಆಗಿಲ್ಲ ಅಂದೆ. ಡಾಕ್ಟರ್ ಕೇಳಿದ್ರು, ಹಾಕೇನಿ ಅಂದೆ. ಆ ಮುದಿಕೀನ ಬೈಯೂ ಮುಂದ ಬಾಯಿ ಮುಚಗೊಂಡು ಕುಂತೆ. ನಿನ್ನ ಬೈಯೂ ಮುಂದನೂ ಕುಂತೆ. ತಪ್ಪಾತವಾ. ನನ್ನ ತಪ್ಪಾತು."